ಯುವಕ ಸಂಘದ ವೆಬ್‌ಸೈಟೂ ಓ ನೆಗೆಟಿವ್ ಪದಾಧಿಕಾರಿಗಳೂ

ಇಂಥವೆಲ್ಲ ನನಗೇ ಯಾಕೆ ಗಂಟು ಬೀಳುತ್ತವೋ ಗೊತ್ತಿಲ್ಲ. ಒಂದು ಮುಗೀತು ಅಂತ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಂದು ಎದುರಿಗೆ ನಿಂತಿರುತ್ತೆ. ಕೇಳಿದವರು ಹೊಟ್ಟೆ ಹಿಡ್ಕೊಂಡು ನಗುತ್ತಾರೆ. ನಗಲಿ. ನನಗೆ ಮಾತ್ರ ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತೆ.

ಎಷ್ಟು ಅಡಿ?

ನಾನು ತುಮಕೂರಿನ ಸದಾಶಿವನಗರದ ಒಂದು ಹೈಸ್ಕೂಲಲ್ಲಿ ಗಣಿತ ಹೇಳಿಕೊಡ್ತೀನಿ. ನನ್ನ ಪಾಡಿಗೆ ನಾನಿದ್ದೆ. ನಮ್ಮ ಯುವಕ ಸಂಘದ ಸಭೆ ಶಿರಾ ಗೇಟ್ ಹತ್ತಿರ ಒಂದು ಹಾರ್ಡ್‌ವೇರ್ ಅಂಗಡಿ ಮಹಡಿ ಮೇಲೆ ನಡೀತಿತ್ತು. ಕಾಫಿಗೆ ಅಂತ ನಾನು ಐದು ನಿಮಿಷ ಹೊರಗೆ ಹೋಗಿ ಬಂದೆ. ಅಷ್ಟರಲ್ಲಿ ನನ್ನನ್ನು ವೆಬ್‌ಸೈಟ್ ಸಂಯೋಜಕಿ ಅಂತ ಅವಿರೋಧವಾಗಿ ಆರಿಸಿಬಿಟ್ಟಿದ್ದರು. ಸ್ವಯಂಸೇವೆ ಅಂತೆ. ಸ್ವಯಂ ಅನ್ನೋದನ್ನೂ ಅವರೇ ತೀರ್ಮಾನ ಮಾಡಿಯಾಗಿತ್ತು!

"ಮೇಡಂಗೆ ಕಂಪ್ಯೂಟರ್ ಬರುತ್ತೆ" ಅಂದರು ಅಧ್ಯಕ್ಷರು. ಯುವಕ ಸಂಘದ ಅಧ್ಯಕ್ಷರಿಗೆ ಐವತ್ತೆಂಟು ವರ್ಷ, ತಾತ ಆಗೋದಕ್ಕೆ ತಯಾರಾಗಿದ್ದರು.

ಆಗಲ್ಲ ಅಂತ ಹೇಳಿ ಎದ್ದು ಬರಬಹುದಿತ್ತು. ಬರಲಿಲ್ಲ. ಊರ್ಡಿಗೆರೆಯಲ್ಲಿರೋ ನಮ್ಮಕ್ಕನ ಹೆರಿಗೆಯಲ್ಲಿ ಒಂದು ಬಾಟ್ಲಿ ರಕ್ತಕ್ಕೆ ನಾನೂ ನಮ್ಮ ಭಾವನೂ ಇಡೀ ತುಮಕೂರು ಅಲೆದಿದ್ವಿ. ಅಕ್ಕ ಉಳಿದದ್ದು ನಮ್ಮ ಪುಣ್ಯ. ವೆಬ್‌ಸೈಟಲ್ಲಿ ರಕ್ತ ಕೊಡೋರ ಪಟ್ಟಿ ಒಂದಿದ್ದರೆ ಇನ್ನೊಬ್ಬರು ಹಂಗೆ ಅಲೆಯೋದು ತಪ್ಪುತ್ತೆ ಅಂತ ಆಸೆ ಆಯ್ತು. "ಪಟ್ಟಿ ಮಾಡೋದಾದ್ರೆ ಮಾತ್ರ ಒಪ್ತೀನಿ" ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ನನ್ನ ಕೈಕೆಳಗೆ ಗುಬ್ಬಿಗೊಬ್ಬರು, ಕುಣಿಗಲ್‌ಗೊಬ್ಬರು ಸಂಯೋಜಕರು. ಗುಬ್ಬಿಯವರು ವಿಮೆ ಏಜೆಂಟ್. ಕುಣಿಗಲ್‌ನವರದು ಫ್ಲೆಕ್ಸ್ ಅಂಗಡಿ. ಅರ್ಧ ಗಂಟೆ ಕೂತು ವೆಬ್‌ಸೈಟ್ ಅಂದ್ರೇನು, ಯಾರು ಎಲ್ಲಿಂದ ಬೇಕಾದ್ರೂ ನೋಡಬಹುದು, ಅಂತೆಲ್ಲ ಬಿಡಿಸಿ ಹೇಳಿದೆ. ಕುಣಿಗಲ್‌ನವರು ತಲೆಯಾಡಿಸುತ್ತಾ ಕೇಳಿ, ಕೊನೆಗೆ ಪೆನ್ನು ತೆಗೆದರು.

"ಎಲ್ಲಾ ಸರಿ ಮೇಡಂ. ಎಷ್ಟು ಅಡಿ ಬೈ ಎಷ್ಟು ಅಡಿ?"

ಜಾಗ ಸಾಲಲಿಲ್ಲ

ಕುಣಿಗಲ್‌ನಲ್ಲಿ ರಕ್ತದಾನ ಶಿಬಿರ ಆಯ್ತು. ಚೆನ್ನಾಗೇ ಆಯ್ತಂತೆ. "ಕೊಟ್ಟವರ ಹೆಸರು, ಗ್ರೂಪು, ಫೋನ್ ನಂಬರು ಕಳಿಸಿ" ಅಂತ ಮೂರು ಸಲ ಮೆಸೇಜ್ ಹಾಕಿದೆ. ನಾಲ್ಕನೇ ದಿನಕ್ಕೆ ಬಂತು. ತೆಗೆದು ನೋಡಿದರೆ ಶಿಬಿರದ ಫ್ಲೆಕ್ಸ್ ಡಿಸೈನು! ಮಧ್ಯದಲ್ಲಿ ಅಧ್ಯಕ್ಷರು ಕೈ ಮುಗಿದು ನಿಂತವ್ರೆ, ಸುತ್ತ ಬರೀ ತಲೆಗಳು. ಎಣಿಸಿದೆ, ಮೂವತ್ತೊಂದು ತಲೆ. ಮೂಲೆಯಲ್ಲಿ ಒಂದು ಹನಿ ರಕ್ತ, ಅದರೊಳಗೂ ಕಾರ್ಯದರ್ಶಿಗಳ ಮುಖ.

ತಕ್ಷಣ ಫೋನ್ ಮಾಡಿದೆ. "ಇವರೆಲ್ಲ ರಕ್ತ ಕೊಟ್ಟವರೇನ್ರೀ?"

"ಇಲ್ಲ ಮೇಡಂ, ಇವರು ಶುಭ ಕೋರಿದವರು."

"ಕೊಟ್ಟವರು?"

"ಅವರನ್ನೂ ಹಾಕೋಣ ಅಂತಲೇ ಇದ್ದೆ ಮೇಡಂ, ಜಾಗ ಸಾಲಲಿಲ್ಲ."

ಹಿರಿಯರನ್ನು ಕೆಳಗೆ ಹಾಕೋದುಂಟಾ

ಗುಬ್ಬಿಯವರ ಮೇಲೆ ನನಗೆ ನಂಬಿಕೆ ಇತ್ತು. ವಿಮೆ ಏಜೆಂಟು, ಇಡೀ ಊರಿನವರ ಹುಟ್ಟಿದ ದಿನ ಬಾಯಿಪಾಠ. ಮುದ್ದಾದ ಅಕ್ಷರದಲ್ಲಿ ಪಟ್ಟಿ ಬರೆದು ಕಳಿಸಿದ್ದರು. ಹೆಸರು, ಗ್ರೂಪು, ನಂಬರು, ಎಲ್ಲಾ ಇತ್ತು. ಸದ್ಯ, ಒಬ್ಬರಾದರೂ ಮನುಷ್ಯರು ಸಿಕ್ಕರಲ್ಲಾ ಅಂದುಕೊಂಡು, ನಂಬರು ಸರಿ ಇದೆಯಾ ನೋಡೋಣ ಅಂತ ಮೊದಲನೆಯದಕ್ಕೇ ಫೋನ್ ಮಾಡಿದೆ.

"ರಕ್ತನಾ? ನಾನಾ?" ಅಂತ ಆ ಕಡೆಯಿಂದ ನಡುಗುವ ದನಿ. "ಹೋದ ತಿಂಗಳು ನಂಗೇ ಎರಡು ಬಾಟ್ಲಿ ಏರಿಸವ್ರೆ ಕಣಮ್ಮ. ಅದನ್ನ ವಾಪಸ್ ಕೇಳ್ತಾವ್ರಾ?"

ಗೌರವಾಧ್ಯಕ್ಷರಂತೆ. ಎರಡನೆಯವರಿಗೆ ಶುಗರು. ಮೂರನೆಯವರಿಗೆ ಬೈಪಾಸ್ ಆಗಿದೆ. ನಾಲ್ಕನೆಯವರಿಗೆ ಏನು ಕೇಳಿದರೂ ಕಿವಿ ಕೇಳಿಸದು. ನನಗೆ ಪಿತ್ತ ನೆತ್ತಿಗೇರಿತು. ಗುಬ್ಬಿಯವರನ್ನು ಹಿಡಿದು ಝಾಡಿಸಿದೆ. "ಎಲ್ಲರ ವಯಸ್ಸೂ ನಿಮಗೆ ಗೊತ್ತು ತಾನೇ?"

"ಗೊತ್ತಿರೋದಕ್ಕೇ ಮೇಡಂ ಮೇಲೆ ಹಾಕಿರೋದು. ಆಹ್ವಾನ ಪತ್ರಿಕೇಲಿ ಹೆಂಗೆ ಹಾಕ್ತೀವೋ ಹಂಗೇ ಬರೆದಿದೀನಿ. ಹಿರಿಯರನ್ನ ಕೆಳಗೆ ಹಾಕೋದುಂಟಾ?"

"ಕೆಳಗೆ ಬೇಡ ಕಣ್ರೀ, ಹಾಕೋದೇ ಬೇಡ!"

ಅವರು ತುಂಬಾ ನೊಂದ ದನಿಯಲ್ಲಿ ಹೇಳಿದರು: "ಬದುಕಿರೋರ ಹೆಸರು ತೆಗೆಯೋದು ಅಪಶಕುನ ಮೇಡಂ."

ದೊಡ್ಡ ಗ್ರೂಪು

ಮೇಲೆ ಕೆಳಗೆ ಅನ್ನೋ ರಗಳೆಯೇ ಬೇಡ ಅಂತ ನಾನು ರಕ್ತದ ಗ್ರೂಪಿನ ಪ್ರಕಾರ ಪಟ್ಟಿ ಮಾಡಿದೆ. ಎ, ಬಿ, ಎಬಿ, ಓ. ಜಾಣತನ ಅಂದುಕೊಂಡಿದ್ದೆ, ನನ್ನ ತಲೆ! ಸಭೆಯಲ್ಲಿ ಅಧ್ಯಕ್ಷರು ನೋಡಿ, "ಇದರಲ್ಲಿ ದೊಡ್ಡದು ಯಾವುದು ಮೇಡಂ?" ಅಂದರು.

ಮೇಷ್ಟ್ರ ಬುದ್ಧಿ, ಪಾಠ ಶುರು ಮಾಡಿಬಿಟ್ಟೆ. ದೊಡ್ಡದು ಚಿಕ್ಕದು ಅಂತಿಲ್ಲ, ಆದರೆ ಓ ನೆಗೆಟಿವ್ ಅಪರೂಪ, ತುರ್ತಿಗೆ ಯಾರಿಗೆ ಬೇಕಾದರೂ ಕೊಡಬಹುದು ಅಂದೆ. ಅಧ್ಯಕ್ಷರ ಮುಖ ಅರಳಿತು. ಆಗಲೇ ನಾನು ಬಾಯಿ ಮುಚ್ಚಿಕೊಳ್ಳಬೇಕಿತ್ತು.

ಮಾರನೇ ದಿನ ಸ್ಕೂಲಲ್ಲಿ ಊಟದ ಬಿಡುವಿಗೆ ವೆಬ್‌ಸೈಟ್ ತೆಗೀತೀನಿ, ಓ ನೆಗೆಟಿವ್ ಕೆಳಗೆ ಅಧ್ಯಕ್ಷರು, ಗೌರವಾಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಒಬ್ಬ ಉಪಾಧ್ಯಕ್ಷರು! ಕುಣಿಗಲ್‌ನವರ ಕೆಲಸ. ನಾನು ತೆಗೆದೆ. ಅವರು ಮತ್ತೆ ಹಾಕಿದರು. ಪಾಸ್‌ವರ್ಡ್ ಬದಲಾಯಿಸೋಣ ಅಂದರೆ, ಪಾಸ್‌ವರ್ಡೇ ಅಧ್ಯಕ್ಷರ ಹೆಸರು, ಬದಲಾಯಿಸಿದರೆ ಅವರಿಗೆ ಅವಮಾನವಂತೆ. ಜೀವ ಹೋಗೋ ವಿಷಯ ಕಣ್ರೀ ಇದು ಅಂತ ಕೂಗಾಡಿದೆ. "ಹೆಸರು ತಾನೇ, ಯಾರು ಫೋನ್ ಮಾಡ್ತಾರೆ ಬಿಡಿ ಮೇಡಂ" ಅಂದರು ಅಧ್ಯಕ್ಷರು. ಸಾಕಾಗಿ ನಾನೂ ಸುಮ್ಮನಾದೆ. ಆ ತಪ್ಪು ನನ್ನದೇ.

ಸುಮ್ಮನಾದರೂ ಕುಣಿಗಲ್‌ನವರು ಬಿಡಬೇಕಲ್ಲ. "ಇನ್ನೊಬ್ಬ ಉಪಾಧ್ಯಕ್ಷರಿಗೆ ಬೇಜಾರಾಗಿದೆ ಮೇಡಂ, ಅವರಿಗೆ ಓ ನೆಗೆಟಿವ್ ಸಿಗಲಿಲ್ಲ ಅಂತ. ಸದ್ಯಕ್ಕೆ ಓ ಪಾಸಿಟಿವ್ ಕೊಟ್ಟಿದೀನಿ. ಮುಂದಿನ ವರ್ಷ ಪ್ರಮೋಷನ್ ಮಾಡಿಬಿಡೋಣ."

ಮೇಲಿನ ಫ್ಲೋರಿಂದ

ಎರಡು ತಿಂಗಳಾಗಿರಬೇಕು. ಸ್ಕೂಲ್ ಬಿಡೋ ಹೊತ್ತಿಗೆ ಅಧ್ಯಕ್ಷರ ಫೋನು. ಮಗಳನ್ನು ಹೆರಿಗೆಗೆ ಸೇರಿಸಿದ್ದರು, ರಕ್ತ ತುಂಬಾ ಹೋಗಿತ್ತು. ಬೇಕಾಗಿದ್ದದ್ದು ಓ ನೆಗೆಟಿವ್. ಆಸ್ಪತ್ರೆಯಲ್ಲಿದ್ದ ಒಂದು ಬಾಟ್ಲಿ ಏರಿಸಿಯಾಗಿತ್ತು, ಇನ್ನೂ ಬೇಕು, ಕೊಡೋರನ್ನು ಕರ್ಕೊಂಡು ಬನ್ನಿ ಅಂದಿದ್ದರು. ಸಿಕ್ಕ ಆಟೋ ಹತ್ತಿ ಓಡಿದೆ.

ಅಧ್ಯಕ್ಷರು ಆಸ್ಪತ್ರೆಯ ಕೆಳಗಿನ ಹಾಲಲ್ಲಿ ನಿಂತು ಸಿಕ್ಕಸಿಕ್ಕವರಿಗೆಲ್ಲ ಫೋನ್ ಮಾಡ್ತಿದ್ದರು. ಬೆವರು ಸುರಿಯುತ್ತಿತ್ತು. ಅಷ್ಟರಲ್ಲಿ ಅವರದೇ ಫೋನ್ ಹೊಡೆದುಕೊಂಡಿತು.

"ಹೂಂ, ನಾನೇ ಅಧ್ಯಕ್ಷ. ಏನು? ರಕ್ತನಾ? ಓ ನೆಗೆಟಿವಾ? ಈಗ ಆಗಲ್ಲ ಕಣಮ್ಮ, ನನ್ನ ಮಗಳಿಗೇ ಬೇಕು ಅಂತ ನಾನೇ ಪರದಾಡ್ತಾ ಇದೀನಿ. ನಿಮ್ಮ ಪೇಶೆಂಟಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ!"

ಆ ಹೆಣ್ಣುಮಗಳ ದನಿ ನನಗೂ ಕೇಳಿಸಿತು. "ಸಾರ್, ನಿಮ್ಮ ಮಗಳಿಗೇ ಸಾರ್ ಕೇಳ್ತಿರೋದು. ಮೇಲಿನ ಫ್ಲೋರಿಂದ ನರ್ಸ್ ಮಾತಾಡ್ತಿದೀನಿ. ನಿಮ್ಮ ಅಳಿಯಂದ್ರು ವೆಬ್‌ಸೈಟ್ ತೋರಿಸಿದ್ರು, ನಿಮ್ಮ ಹೆಸರೇ ಫಸ್ಟ್ ಇದೆ."

ಸನ್ಮಾನ

"ನಿಮ್ಮ ನಿಜವಾದ ಗ್ರೂಪ್ ಯಾವುದ್ರೀ?" ಅಂತ ಕೇಳಿದೆ.

"ಯಾವತ್ತೂ ನೋಡಿಸಿಲ್ಲ ಮೇಡಂ" ಅಂತ ಗೋಡೆಗೆ ಒರಗಿದರು. ಆಸ್ಪತ್ರೆ ಅಂತ ಬಿಟ್ಟೆ, ಇಲ್ಲದಿದ್ದರೆ ನನ್ನ ಕೈ ಸುಮ್ಮನಿರುತ್ತಿರಲಿಲ್ಲ. ಒಳಗೆ ಮಲಗಿದ್ದ ಹುಡುಗಿ ಏನು ಪಾಪ ಮಾಡಿದ್ದಳು?

ಪಟ್ಟಿ ತೆಗೆದೆ. ಐದೂ ಹೆಸರು ಸುಳ್ಳು. ಆರನೆಯದು ಗುಬ್ಬಿಯ ಒಬ್ಬ ಟೈಲರ್ ಹೆಂಗಸಿನದು. ಯಾವ ಹುದ್ದೆಯೂ ಇಲ್ಲದ ಬರೀ ಸದಸ್ಯೆ, ಅದಕ್ಕೇ ಕಡೆಗೆ ಬಿದ್ದಿದ್ದರು. ಫೋನ್ ಮಾಡಿದೆ.

"ನಂದು ಓ ನೆಗೆಟಿವ್ವೇ ಕಣಕ್ಕ, ಎರಡು ಸಲ ಕೊಟ್ಟಿದೀನಿ. ಬ್ಲೌಸ್ ಒಂದು ಅರ್ಧ ಆಗೈತೆ, ಇರ್ಲಿ ಬುಡಿ. ಈಗ್ಲೇ ಬಸ್ ಹತ್ತುತೀನಿ" ಅಂದವರು ಒಂದು ಗಂಟೆಯೊಳಗೆ ಬಂದರು, ಕೊರಳಲ್ಲಿ ಅಳತೆ ಟೇಪ್ ಇನ್ನೂ ನೇತಾಡುತ್ತಿತ್ತು. ರಕ್ತ ಕೊಟ್ಟು, ಒಂದು ಲೋಟ ಜ್ಯೂಸ್ ಕುಡಿದು, ಮುಂದಿನ ಬಸ್ಸಿಗೆ ವಾಪಸ್ ಹೋದರು. ತಾಯಿ, ಮಗು ಇಬ್ಬರೂ ಉಳಿದರು. ಅಧ್ಯಕ್ಷರು ಅತ್ತರು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ಮಾರನೇ ವಾರ ಅಧ್ಯಕ್ಷರೇ ಫೋನ್ ಮಾಡಿ, "ಆ ತಾಯಿಗೆ ಗುಬ್ಬೀಲಿ ಸನ್ಮಾನ ಇಟ್ಟಿದೀವಿ. ಫೋಟೊ ಬರುತ್ತೆ, ವೆಬ್‌ಸೈಟಲ್ಲಿ ದೊಡ್ಡದಾಗಿ ಹಾಕಬೇಕು" ಅಂದರು. ಮೊದಲ ಸಲ ಅವರ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು. ಪರೀಕ್ಷೆ ಇದ್ದದ್ದರಿಂದ ನಾನು ಹೋಗೋಕಾಗಲಿಲ್ಲ. ಸಂಜೆ ಗುಬ್ಬಿಯವರು ಫೋಟೊ ಕಳಿಸಿದರು. ಹನ್ನೊಂದು ಜನ ಗಂಡಸರು ಸಾಲಾಗಿ ನಿಂತು ನಗುತ್ತಿದ್ದಾರೆ. ಹಾರ ಇದೆ, ಹಣ್ಣಿನ ತಟ್ಟೆ ಇದೆ. ದೊಡ್ಡದು ಮಾಡಿ ಮೂಲೆ ಮೂಲೆ ಹುಡುಕಿದೆ. ಆಯಮ್ಮ ಎಲ್ಲೂ ಇಲ್ಲ.

"ಟೈಲರಮ್ಮ ಎಲ್ರೀ?" ಅಂತ ಗುಬ್ಬಿಯವರಿಗೆ ಫೋನಲ್ಲೇ ಕಿರುಚಿದೆ.

"ಕಾರ್ಯಕ್ರಮಕ್ಕೆ ಬಂದಿದ್ರು ಮೇಡಂ. ಎಲ್ಲರೂ ಫೋಟೊದಲ್ಲಿ ಇರಲೇಬೇಕು ಅಂತ ನಿಂತ್ಕೊಂಡ್ರು, ತೆಗೆಯೋಕೆ ಯಾರೂ ಉಳೀಲಿಲ್ಲ. ಅದಕ್ಕೆ ಅವರ ಕೈಗೇ ಫೋನ್ ಕೊಟ್ವಿ."

ನನ್ನ ಹಲ್ಲು ಕಟಕಟ ಅಂದವು. "ಶಾಲು? ಶಾಲಾದ್ರೂ ಹೊದಿಸಿದ್ರಾ ಅವರಿಗೆ?"

"ಫೋಟೊ ತೆಗೆಯೋವಾಗ ಕೈಗೆ ಅಡ್ಡ ಬರ್ತಿತ್ತು ಮೇಡಂ. ಅಧ್ಯಕ್ಷರಿಗೆ ಹೊದಿಸಿಬಿಟ್ವಿ."