ಅಪ್ಪನ ಧ್ವನಿಯಲ್ಲಿ ಮೂರನೇ ಅಧ್ಯಾಯ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ತಪ್ಪು ನನ್ನದೇ. ಅದರಲ್ಲಿ ಅರ್ಧ ನನ್ನ ಗಂಟಲಿನದು, ಇನ್ನರ್ಧ ಬಲಗೈ ಹೆಬ್ಬೆರಳಿನದು. ಬೇರೆಯವರ ಹಾಗೆ ಮಾತಾಡಿ ನಗಿಸುವವನಿಗೆ ಇರುವ ದೊಡ್ಡ ತೊಂದರೆ ಎಂದರೆ, ಅವನು ಸ್ವಂತ ಧ್ವನಿಯಲ್ಲಿ ಮಾತಾಡಿದಾಗ ಯಾರೂ ತಿರುಗಿ ನೋಡುವುದಿಲ್ಲ. ದೇವನಹಳ್ಳಿ ಪಕ್ಕದ ನಮ್ಮ ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರನ ಗಂಟಲಲ್ಲಿ ‘ದೇವನಳ್ಳಿ, ದೇವನಳ್ಳಿ’ ಎಂದು ಕೂಗಿ, ಒಂದು ಮದುವೆ ದಿಬ್ಬಣದ ಅರ್ಧ ಜನರನ್ನು ಹೊಸಕೋಟೆಯ ಬಸ್ಸಿಗೆ ಹತ್ತಿಸಿದ ಕೀರ್ತಿ ನನ್ನದು. ಇಂಥವನು ನಮ್ಮೂರ ಓದುಗರ ಬಳಗದ ನಿವೃತ್ತ ಮೇಷ್ಟ್ರನ್ನು ಬಿಟ್ಟಾನೆಯೇ? ಅವರೆದುರಿಗೇ ಅವರ ಕೆಮ್ಮನ್ನು ಕೆಮ್ಮಿ ತೋರಿಸಿದೆ. ಮೇಷ್ಟ್ರು ನಗುತ್ತಲೇ ನನ್ನ ಕೈಗೊಂದು ಕಾದಂಬರಿ ಇಟ್ಟರು. ಭಾನುವಾರ ಅದರ ನಿರೂಪಣಾ ತಂತ್ರಗಳ ಬಗ್ಗೆ ಅರ್ಧ ಗಂಟೆ ಮಾತಾಡಬೇಕು, ಅದಕ್ಕೂ ಮೊದಲು ಅದರ ಒಂದಿಷ್ಟು ಭಾಗ ಓದಿ ರೆಕಾರ್ಡ್ ಮಾಡಿ ಅವರಿಗೆ ಕಳಿಸಬೇಕು ಎಂಬುದು ಶಿಕ್ಷೆ.

ಈಚಿನ ಕಾದಂಬರಿ. ಒಬ್ಬ ತಾಯಿಗೆ ಕಾಯಿಲೆ, ಮನೆಯವರೆಲ್ಲ ಸೇರಿ ಅದನ್ನು ಅವಳಿಂದಲೇ ಮುಚ್ಚಿಡುತ್ತಾರೆ. ಕಥೆ ಹೇಳುವವನು ಒಬ್ಬನಲ್ಲ. ಒಂದು ಅಧ್ಯಾಯ ಮಗನ ಬಾಯಲ್ಲಿ, ಇನ್ನೊಂದು ಸೊಸೆಯ ಬಾಯಲ್ಲಿ, ಮತ್ತೊಂದು ಎದುರುಮನೆಯವನ ಬಾಯಲ್ಲಿ. ಎಲ್ಲರೂ ಗೊತ್ತಿದ್ದರಲ್ಲಿ ಅರ್ಧ ಹೇಳಿ ಅರ್ಧ ನುಂಗುವವರೇ. ಹಿಂದಿನವನು ಹೇಳಿದ್ದು ಸುಳ್ಳೆಂದು ಮುಂದಿನವನು ಬಂದ ಮೇಲೆ ಗೊತ್ತಾಗುತ್ತದೆ. ಭಲೇ ತಂತ್ರ ಎಂದುಕೊಂಡು ಮೂವತ್ತು ಪುಟ ಓದಿದವನು ಪುಸ್ತಕ ಮುಚ್ಚಿಟ್ಟೆ. ಇವರನ್ನೆಲ್ಲ ನಾನು ಬಲ್ಲೆ. ಇವರೊಂದಿಗೇ ಬೆಳಿಗ್ಗೆ ಉಪ್ಪಿಟ್ಟು ತಿಂದು ಬಂದಿದ್ದೇನೆ.

ಏಕೆಂದರೆ ನಮ್ಮಜ್ಜಿಯ ಎದೆಯಲ್ಲಿ ಗಡ್ಡೆ ಕಾಣಿಸಿಕೊಂಡಿತ್ತು. ಮಂಗಳವಾರ ಆಪರೇಷನ್. ಮುಂದಕ್ಕೆ ಹಾಕುವ ಹಾಗಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಆದರೆ ಅಜ್ಜಿಯ ತಂಗಿ ಆಪರೇಷನ್ನಿಗೆಂದು ಹೋದವಳು ಮನೆಗೆ ವಾಪಸು ಬಂದಿರಲಿಲ್ಲ. ತನ್ನ ಮೈಗೆ ಕತ್ತರಿ ತಾಕಿಸುವುದಿಲ್ಲ ಎಂದು ಅಜ್ಜಿ ಅಂದೇ ಆಣೆ ಹಾಕಿಬಿಟ್ಟಿದ್ದಳು. ಅವಳು ಕೂತಲ್ಲಿಂದ ಏಳುವುದಿಲ್ಲ ಎಂದರೆ ಜೆಸಿಬಿ ತಂದರೂ ಏಳಿಸಲಾಗದು. ಅದಕ್ಕೇ ಅಪ್ಪ ಅವಳಿಗೆ ಗ್ಯಾಸು ಎಂದಿದ್ದ, ಹೊಸಕೋಟೆಯ ಅತ್ತೆ ರಕ್ತ ಕಮ್ಮಿ ಎಂದಿದ್ದಳು, ನಾನು ವಯಸ್ಸಾದವರಿಗೆಲ್ಲ ಮಾಡುವ ಚೆಕಪ್ಪು ಎಂದಿದ್ದೆ. ಕಾದಂಬರಿಕಾರನಾದರೂ ಮೊದಲೇ ಕೂತು ಯಾರು ಯಾವ ಸುಳ್ಳು ಹೇಳಬೇಕೆಂದು ಬರೆದಿಟ್ಟುಕೊಂಡಿದ್ದ. ನಮಗೆ ಅಷ್ಟೂ ವ್ಯವಧಾನವಿರಲಿಲ್ಲ.

ಮೂರನೇ ಅಧ್ಯಾಯದಲ್ಲಿ ಮಗ ತನ್ನ ತಂಗಿಯರಿಗೆ ತಾಕೀತು ಮಾಡುತ್ತಾನೆ. ರೆಕಾರ್ಡ್ ಮಾಡುವಾಗ ಅವನಿಗೊಂದು ಧ್ವನಿ ಬೇಕಾಯಿತು. ಅಪ್ಪನದು ಮನೆಯಲ್ಲೇ ಇತ್ತು, ಎತ್ತಿಕೊಂಡೆ. “ಅಮ್ಮಂಗೆ ಗಡ್ಡೆ ಅಂತ ಯಾರೂ ಬಾಯಿ ಬಿಡ್ಬೇಡಿ. ಕೊಯ್ತಾರೆ ಅಂತ ಗೊತ್ತಾದ್ರೆ ಆಸ್ಪತ್ರೆ ಮೆಟ್ಲು ಹತ್ತಲ್ಲ ಅವ್ಳು” ಎಂದು, ಅಪ್ಪ ಮಾತಿನ ನಡುವೆ ಮೂಗೆಳೆಯುವುದನ್ನೂ ಬಿಡದೆ ಹೇಳಿ, ಮೇಷ್ಟ್ರಿಗೆ ಕಳಿಸಿದೆ. ಅಂದರೆ, ಮೇಷ್ಟ್ರಿಗೆ ಎಂದುಕೊಂಡು ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಕಳಿಸಿದೆ. ಅಜ್ಜಿಗೆ ಓದಲು ಬರುವುದಿಲ್ಲವೆಂದು ಆ ಗ್ರೂಪಿನಲ್ಲಿ ನಾವು ಒಂದಕ್ಷರವನ್ನೂ ಟೈಪ್ ಮಾಡುವುದಿಲ್ಲ. ಹಬ್ಬದ ಶುಭಾಶಯದಿಂದ ಹಿಡಿದು ಗ್ಯಾಸ್ ಸಿಲಿಂಡರ್ ಬಂತೆಂಬ ಸುದ್ದಿಯವರೆಗೆ ಎಲ್ಲವೂ ಧ್ವನಿಯಲ್ಲೇ. ಗ್ರೂಪಿಗೆ ಏನು ಬಂದರೂ ಮೊದಲು ಕೇಳುವವಳು ಅಜ್ಜಿ.

ಎರಡು ನಿಮಿಷದಲ್ಲಿ ಅಳಿಸಿದೆ. ಅಷ್ಟರಲ್ಲಿ ಅತ್ತೆ ಅಪ್ಪನಿಗೆ ಫೋನು ಮಾಡಿ, ಗ್ರೂಪಲ್ಲಿ ಯಾಕಣ್ಣ ಹಾಕಿದೆ ಎಂದು ಗೋಳಾಡಿಯಾಗಿತ್ತು. ಅಂಗಡಿಯಲ್ಲಿದ್ದ ಅಪ್ಪ ನಾನು ಅಳಿಸುವ ಮೊದಲೇ ಪೂರ್ತಿ ಕೇಳಿ, ತಾನಿದನ್ನು ಯಾವಾಗ ಹೇಳಿದೆನೆಂದು ಐದು ನಿಮಿಷ ಪ್ರಾಮಾಣಿಕವಾಗಿ ನೆನಪು ಮಾಡಿಕೊಂಡನಂತೆ. ಕಲಾವಿದನಾಗಿ ನನಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಿಲ್ಲ. ಆಮೇಲೆ ಹೊಳೆದು ಅವನು ನನಗೆ ಫೋನಿನಲ್ಲಿ ಕೊಟ್ಟ ಬಿರುದುಗಳನ್ನು ಇಲ್ಲಿ ಬರೆಯಲಾಗದು. ಮಂಗಳವಾರ ಅಜ್ಜಿ ಆಸ್ಪತ್ರೆಗೆ ಬರದೇ ಹೋದರೆ ನಿನ್ನನ್ನು ಏನು ಮಾಡಬೇಕೋ ಗೊತ್ತಿಲ್ಲ ಎಂದ. ನನಗೂ ಗೊತ್ತಿರಲಿಲ್ಲ.

ಅಜ್ಜಿ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಫೋನು. ಹೋಗಿ ಎದುರು ಕೂತೆ. ಅದು ನಮ್ಮ ಮನೆಯ ವಿಷಯವಲ್ಲ, ಕಾದಂಬರಿ, ಅದನ್ನು ನಿರೂಪಣಾ ತಂತ್ರ ಎನ್ನುತ್ತಾರೆ, ಅದರಲ್ಲಿ ಎಲ್ಲರೂ ಒಬ್ಬೊಬ್ಬರಾಗಿ ಕಥೆ ಹೇಳುತ್ತಾರೆ ಎಂದು ಭಾನುವಾರದ ಭಾಷಣವನ್ನೆಲ್ಲ ಅಲ್ಲೇ ಖರ್ಚು ಮಾಡಿದೆ. ಅಜ್ಜಿ ಬೀಜ ಬಿಡಿಸುತ್ತಲೇ ಇದ್ದಳು.

“ಕಾಯ್ಲೆ ಬಂದಿರೋಳು ಏನಂತಾಳೆ ಅದ್ರಲ್ಲಿ?” ಎಂದಳು.

ಅವಳಿಗೆ ಒಂದು ಅಧ್ಯಾಯವೂ ಇಲ್ಲ, ಆ ಮೌನವೇ ಕಾದಂಬರಿಯ ಶಕ್ತಿ ಎಂದೆ.

“ಅವ್ಳೇ ಸುಮ್ನಿದ್ಲೋ, ಯಾರೂ ಕೇಳ್ಲಿಲ್ವೋ?”

ಮೌನದ ಬಗ್ಗೆ ನಾನು ಮೂರು ಪುಟ ಟಿಪ್ಪಣಿ ಬರೆದಿದ್ದೆ. ಈ ಪ್ರಶ್ನೆಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

ಆಮೇಲೆ ಅಜ್ಜಿ ತನ್ನ ಅಧ್ಯಾಯವನ್ನು ಹೇಳಿದಳು. ಓದು ಬಾರದವಳಿಂದ ಬಚ್ಚಿಡುವುದೇನೆಂದು ಅಪ್ಪ ರಿಪೋರ್ಟನ್ನು ಟಿವಿಯ ಮೇಲೇ ಬಿಟ್ಟಿದ್ದನಂತೆ. ಇವಳು ಅದನ್ನು ಬ್ಯಾಗಿಗೆ ಹಾಕಿಕೊಂಡು ಶಕೀಲಾಬಿಯ ಮನೆಗೆ ಹೋಗಿದ್ದಾಳೆ. ಆಕೆ ಅಜ್ಜಿಯ ಜೊತೆ ರೇಷ್ಮೆ ನೂಲು ತೆಗೆಯುತ್ತಿದ್ದವಳು, ಮಗಳು ನರ್ಸು. ಆ ಹುಡುಗಿ ಸಾಲು ಸಾಲೂ ಓದಿ, ಕೊಯ್ಯದಿದ್ದರೆ ಏನಾಗುತ್ತದೆ ಎಂಬುದನ್ನೂ ಬಿಡಿಸಿ ಹೇಳಿದ್ದಾಳೆ. ಹತ್ತು ದಿನದಿಂದ ಅಜ್ಜಿಗೆ ಎಲ್ಲವೂ ಗೊತ್ತು. “ನಾಕು ದಿನ ಭಯಕ್ಕೆ ಊಟ ಸೇರ್ಲಿಲ್ಲ ಕಣಪ್ಪ. ಅದ್ಕೂ ನಿಮ್ಮಪ್ಪ ಗ್ಯಾಸು ಅಂದ” ಎಂದಳು. ಹಾಗಾದರೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದರೆ ನಿಮ್ಮಪ್ಪ ತಡೆದುಕೊಳ್ಳುತ್ತಿದ್ದನೇ ಎಂದು ನನ್ನನ್ನೇ ಕೇಳಿದಳು. ಮಂಗಳವಾರ ಬರುತ್ತೀಯಾ ಎಂದು ಕೇಳಬೇಕಿತ್ತು. ಊರಿನವರೆಲ್ಲರ ಧ್ವನಿ ಹೊರಡುವ ಗಂಟಲಿನಿಂದ ನನ್ನದೊಂದು ಹೊರಡಲಿಲ್ಲ.

ಅಷ್ಟರಲ್ಲಿ ಅಪ್ಪ ಅಂಗಡಿಯನ್ನು ಹಾಗೆಯೇ ಬಿಟ್ಟು ಬಂದ. ತಲೆಯ ಮೇಲೆ ಇನ್ನೂ ಹೆಲ್ಮೆಟ್ಟು. ಅಮ್ಮಾ, ಅದು ನಾನಲ್ಲ, ಈ ಕತ್ತೆಯ ಕೆಲಸ ಎಂದು ಶುರುಮಾಡಿದವನಿಗೆ ಕಣ್ಣು ತುಂಬಿತು. ಅಜ್ಜಿ ಹುಣಸೆಹಣ್ಣು ಮೆತ್ತಿದ ಕೈಯನ್ನು ನಿಧಾನವಾಗಿ ಸೀರೆಯಂಚಿಗೆ ಒರೆಸಿಕೊಂಡಳು.

“ನೀನಲ್ಲ ಅಂತ ಆವಾಗ್ಲೇ ಗೊತ್ತಾಯ್ತು ಕಣೋ. ನೀನಾಗಿದ್ರೆ ಅರ್ಧಕ್ಕೇ ಅತ್ಬಿಡ್ತಿದ್ದೆ. ಮಂಗಳವಾರ ನೀನು ಮನೇಲೇ ಇರು. ಇವನೊಬ್ಬ ನನ್ ಜೊತೆ ಬಂದ್ರೆ ಸಾಕು, ಡಾಕ್ಟ್ರತ್ರ ನಿನ್ ಮಾತೂ ಇವನೇ ಆಡ್ತಾನೆ.”