ಬೈಗುಳಕ್ಕೆ ನನ್ನ ಗೇಟಿನೊಳಗೆ ಪ್ರವೇಶವಿಲ್ಲ

ರಾಮನಗರದ ನಮ್ಮ ಬೀದಿಯಲ್ಲಿ ಬೆಳಗಾದರೆ ಯಾವನಾದರೂ ಹುಡುಗನಿಗೆ ಹೊಸದೊಂದು ಬಿರುದು ಸಿಕ್ಕೇ ಸಿಗುತ್ತದೆ. ಪೋಕರಿ, ಪುಂಡ, ಲೋಫರ್, ತರ್ಲೆ, ಕೇಡಿ. ಸಂತೆಯಲ್ಲಿ ಸೊಪ್ಪಿಗೂ ಇಷ್ಟು ಬಗೆಯಿಲ್ಲ. ನಾನು ಕಾನ್ವೆಂಟಿನಲ್ಲಿ ಓದಿ, ಬಹಳ ವರ್ಷ ಇಲ್ಲಿಯ ಶಾಲೆಯೊಂದರಲ್ಲಿ ಹೆಡ್ ಮಿಸ್ ಆಗಿದ್ದವಳು. ತಪ್ಪಿಗೆ ಹೆಸರು ಹೇಳಿ, ಮಗುವಿಗೆ ಹೆಸರಿಡಬೇಡಿ ಎಂದು ಸಿಸ್ಟರ್‌ಗಳು ಕಲಿಸಿದ್ದನ್ನು ನಾನು ಒಂದು ದಿನವೂ ಸಡಿಲಿಸಲಿಲ್ಲ.

ಈ ನಿಯಮದ ಹೆಚ್ಚಿನ ಲಾಭ ಪಡೆದವನು ನನ್ನ ಶಾಲೆಯಲ್ಲೇ ಓದಿದ ಎದುರುಮನೆಯ ಹುಡುಗ. ತಂದೆತಾಯಿಯಿಲ್ಲದ ಅವನನ್ನು ಅಜ್ಜಿಯೇ ಸಾಕಿದರು. ಅವರಿಗೆ ಒಂದೇ ಚಿಂತೆ. "ಇವ್ನ ಹೆಸ್ರು ಕೆಟ್ಟೋದ್ರೆ ನಾಳೆ ಯಾರು ಹೆಣ್ ಕೊಟ್ಟಾರು ಮಿಸ್ಸೇ?" ಹಾಗೆನ್ನುವ ಅಜ್ಜಿಯೇ ಇಡೀ ಬೀದಿಯಲ್ಲಿ ಅವನಿಗೆ ಅತಿ ಹೆಚ್ಚು ಹೆಸರಿಟ್ಟವರು.

ಕಿಟಕಿ ಗಾಜು

ಒಮ್ಮೆ ಅವನ ಚೆಂಡು ನನ್ನ ಕಿಟಕಿಯ ಗಾಜು ಒಡೆಯಿತು. ಬೀದಿಯೇ ಸೇರಿತು. ಹಾಲಿನವನು "ಪೋಕರಿ" ಎಂದ. ಟೈಲರ್ "ಮುಂದಕ್ಕೆ ರೌಡಿ ಆಯ್ತಾನೆ ಬುಡಿ" ಎಂದ. ಅಜ್ಜಿ ಬಂದು "ಕಳ್ ಬಡ್ಡೈದ" ಎಂದು ಮುಗಿಸಿದರು. ನಾನು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದೆ.

"ಇವನು ಪೋಕರಿಯೂ ಅಲ್ಲ, ರೌಡಿಯೂ ಅಲ್ಲ. ಗಾಜು ಒಡೆದ ಹುಡುಗ. ಅಷ್ಟೇ ಹೇಳಿ."

ಹುಡುಗ ಕಣ್ಣೊರೆಸಿಕೊಂಡು ನನ್ನ ಹತ್ತಿರ ಬಂದ. "ಮಿಸ್, ಪೋಕರಿ ಅಂತಾನೇ ಇರ್ಲಿ. ಗಾಜು ಒಡ್ದೋನು ಅಂದ್ರೆ ಅಜ್ಜಿ ಹತ್ರ ಗಾಜಿನ ದುಡ್ಡು ಕೇಳ್ತೀರ."

ಪೇದೆಯ ಕಷ್ಟ

ಮೀಸೆ ಚಿಗುರುವ ವಯಸ್ಸಿಗೆ ಅವನೂ ಗೆಳೆಯರೂ ಬೈಕಿನ ಸೈಲೆನ್ಸರ್ ಕಿತ್ತು ಊರೆಲ್ಲ ಗುಡುಗಿಸತೊಡಗಿದರು. ಒಬ್ಬ ಪೇದೆ "ಲೇ ರೌಡಿಗಳಾ" ಎಂದು ಕೂಗುತ್ತ ಅವರ ಹಿಂದೆ ಓಡುತ್ತಿದ್ದ. ಠಾಣೆಯಲ್ಲಿ ನಾಗರಿಕರ ಸಭೆ ಕರೆದಾಗ ನಾನು ಎದ್ದು ನಿಂತೆ. ಕಾನೂನೇ 'ಬಾಲಾಪರಾಧಿ' ಎನ್ನುವುದನ್ನು ಬಿಟ್ಟು 'ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು' ಎನ್ನುವಾಗ ನಿಮ್ಮವರು ಹೀಗೆ ಕೂಗಬಹುದೇ ಎಂದೆ. ಇನ್ಸ್‌ಪೆಕ್ಟರ್ ಒಪ್ಪಿ, ಇನ್ನು ಕಾನೂನಿನ ಹೆಸರಿನಿಂದಲೇ ಕರೆಯಬೇಕೆಂದು ಪೇದೆಗೆ ಆಜ್ಞೆ ಮಾಡಿದರು.

ಕೆಲವು ದಿನಗಳಲ್ಲೇ ಪೇದೆ ನನ್ನ ಗೇಟಿನ ಮುಂದೆ ಏದುಸಿರು ಬಿಡುತ್ತ ನಿಂತಿದ್ದ.

"ಮೇಡಂ, ಒಸಿ ಚಿಕ್ ಹೆಸ್ರಿದ್ರೆ ಕೊಡಿ. 'ಏಯ್ ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಕ್ಕಳಾ, ನಿಲ್ರೋ' ಅನ್ನೋ ಹೊತ್ಗೆ ಅವ್ರು ಐಜೂರು ಸರ್ಕಲ್ ದಾಟ್ಬುಟ್ಟಿರ್ತಾರೆ."

ಫ್ಲೆಕ್ಸ್

ಹುಡುಗ ಐಟಿಐ ಮುಗಿಸಿದ. ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಕೆಲಸಕ್ಕೂ ಸೇರಿದ. ಆದರೆ ಗಣೇಶನ ಹಬ್ಬಕ್ಕೆ ಗೆಳೆಯರೊಂದಿಗೆ ಬೀದಿಯ ಬಾಯಲ್ಲೇ ಫ್ಲೆಕ್ಸ್ ಕಟ್ಟಿಸಿದ. ಎಲ್ಲರಿಗೂ ಕಪ್ಪು ಕನ್ನಡಕ. ಮೇಲೆ ದಪ್ಪ ಅಕ್ಷರದಲ್ಲಿ 'ಪುಂಡರ ಬಳಗ'. ಬೇರೆಯವರು ಇಟ್ಟ ಹೆಸರು ಸಾಲದೆಂದು ತಾವೇ ಇಟ್ಟುಕೊಂಡಿದ್ದರು! ಅವನನ್ನು ಕರೆಸಿದೆ.

"ಹೆಣ್ಣಿನ ಕಡೆಯವರು ನೋಡಿದರೆ ಏನೆಂದುಕೊಂಡಾರು? ಇದರಲ್ಲಿ ಮರ್ಯಾದೆ ತರುವಂಥದ್ದು ಒಂದಾದರೂ ಇದೆಯೇ?"

"ಸರಿ ಮಾಡಿಸ್ತೀನಿ ಮಿಸ್" ಎಂದ.

ಮರುದಿನ ಹೊಸ ಫ್ಲೆಕ್ಸ್ ಬಂತು. ಅದೇ ಹುಡುಗರು, ಅದೇ ಕನ್ನಡಕ. ನಡುವೆ ಶಾಲು ಹೊದ್ದ ನಾನು, ಎಲ್ಲರಿಗಿಂತ ದೊಡ್ಡದಾಗಿ. ಕೆಳಗೆ 'ಪುಂಡರ ಬಳಗದ ಗೌರವಾಧ್ಯಕ್ಷರು: ನಮ್ಮ ಹೆಡ್ ಮಿಸ್'.

ಕಿತ್ತು ಹಾಕಿಸಬೇಕೆಂದೇ ಹೊರಟೆ. ಆದರೆ ಒಂದೂ ಕಾಗುಣಿತದ ತಪ್ಪಿಲ್ಲದ ಫ್ಲೆಕ್ಸನ್ನು ನಮ್ಮೂರಿನಲ್ಲಿ ಅದೇ ಮೊದಲ ಸಲ ನೋಡಿದ್ದು. ನನ್ನ ವಿದ್ಯಾರ್ಥಿಗಳಲ್ಲವೇ! ಗಣೇಶನನ್ನು ಬಿಡುವವರೆಗೆ ಇರಲಿ ಎಂದೆ.

ಹೆಣ್ಣಿನ ಕಡೆಯವರು

ಗುಡೇಮಾರನಹಳ್ಳಿ ಕಡೆಯಿಂದ ಅವನಿಗೊಂದು ಸಂಬಂಧ ಬಂತು. ನಮ್ಮ ಕಡೆ ಹೆಣ್ಣು ಕೊಡುವವರು ಹುಡುಗನ ಮನೆಯ ಹೊಸಿಲು ತುಳಿಯುವ ಮೊದಲು ನೆರೆಮನೆಯಲ್ಲಿ ವಿಚಾರಿಸುತ್ತಾರೆ. ಹುಡುಗಿಯ ದೊಡ್ಡಪ್ಪನೂ ಸೋದರಮಾವನೂ ನನ್ನ ಜಗುಲಿಯಲ್ಲಿ ಬಂದು ಕೂತರು.

"ಹುಡ್ಗ ಹೆಂಗೆ ಮೇಡಂ?" ಎಂದರು ದೊಡ್ಡಪ್ಪ.

"ಸಭ್ಯ. ಶಿಸ್ತಿನವನು. ದುರಭ್ಯಾಸಗಳಿಲ್ಲ."

"ತರ್ಲೆ ಗಿರ್ಲೆ?"

"ಅಂಥ ಪದ ನಾನು ಅವನಿಗೆ ಬಳಸಿಯೇ ಇಲ್ಲ."

"ಒಂದ್ಸಲಾನೂ ಬೈದಿಲ್ವಾ?"

"ಇಲ್ಲ."

ದೊಡ್ಡಪ್ಪನ ಮುಖ ಬಾಡಿತು. ಸೋದರಮಾವನ ಕಡೆ ತಿರುಗಿ, ನನಗೂ ಕೇಳುವ ಹಾಗೆ ಪಿಸುಗುಟ್ಟಿದರು. "ಎದ್ದೇಳ್ಲಾ. ಎದುರುಮನೆಯೋರೇ ಹಿಂಗೆ ಅಳ್ದು ತೂಗಿ ಮಾತಾಡ್ತಾವ್ರೆ ಅಂದ್ರೆ ಏನೋ ಮುಚ್ಚಿಡ್ತಾವ್ರೆ. ಬಳಕೆ ಇರೋರು ಬೈಯ್ದೆ ಇರ್ತಾರಾ?"

ಇಬ್ಬರೂ ಚಪ್ಪಲಿಯ ಕಡೆ ನಡೆದರು. ಎದುರು ಬಾಗಿಲಲ್ಲಿ ಹುಡುಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾದು ಕೂತಿದ್ದ. ಒಳಗಿನಿಂದ ಒಬ್ಬಟ್ಟಿನ ವಾಸನೆ ಬರುತ್ತಿತ್ತು. ನನ್ನ ಸಭ್ಯ ಮಾತಿನಿಂದಲೇ ಅವನ ಮದುವೆ ಮುರಿಯುವುದರಲ್ಲಿತ್ತು.

ನಾನು ಎದ್ದು ಸೆರಗು ಸರಿಪಡಿಸಿಕೊಂಡು, ಶಾಲೆಯ ಮೈದಾನದ ಕೊನೆಗೂ ಕೇಳುತ್ತಿದ್ದ ದನಿಯಲ್ಲಿ ಕೂಗಿದೆ. "ಲೋ ಪೋಕರಿ! ಲೋಫರ್! ಕಳ್ ಬಡ್ಡೈದನೇ! ಅಲ್ಲೇನೋ ಗುಂಡುಕಲ್ಲಿನ ಹಾಗೆ ಕೂತಿದ್ದೀಯಾ? ಬಂದು ಹಿರಿಯರ ಕಾಲಿಗೆ ಬೀಳೋ!"

ಉಚ್ಚಾರಣೆಯಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ದೊಡ್ಡಪ್ಪ ಒಂದೇ ಚಪ್ಪಲಿ ಮೆಟ್ಟಿಕೊಂಡು ನಿಂತುಬಿಟ್ಟರು. ಹುಡುಗ ಏಳುವ ಮೊದಲೇ ಅಜ್ಜಿ ಸೌಟು ಹಿಡಿದು ಬೀದಿಗೆ ಬಂದರು.

"ಯಾವಳೇ ಅವ್ಳು? ನನ್ ಮೊಮ್ಮಗನ್ನ ಬೈಯಕ್ಕೆ ನಾನೇನ್ ಸತ್ತೋಗಿದ್ದೀನಾ?"

"ನಾನೇ ಅಜ್ಜಿ. ನನಗೂ ಹಕ್ಕಿದೆ."

"ನಿಮ್ಗೆಲ್ಲಿಂದ ಬಂತು ಮಿಸ್ಸೇ ಹಕ್ಕು? ಸಾಕ್ದೋಳು ನಾನು!"

"ಓದಿಸಿದವಳು ನಾನು!"

ದೊಡ್ಡಪ್ಪ ಮೆಟ್ಟಿದ್ದ ಚಪ್ಪಲಿ ಬಿಟ್ಟು ಮತ್ತೆ ಜಗುಲಿಗೆ ಬಂದು ಕೂತರು.

"ಇನ್ನೇನ್ ವಿಚಾರ್ಸೋದೈತೆ ಕಣ್ಲಾ" ಎಂದರು ಸೋದರಮಾವನಿಗೆ. "ಬೈಯಕ್ಕೇ ಇಬ್ರು ಕಿತ್ತಾಡ್ತಾವ್ರೆ. ಹೆಣ್ ಕೊಟ್ಬುಡಾನ."