ಅಕ್ಕನ ಮೇಜಿನ ಮೇಲೆ ನಿಂತ ಕಾರು: ಕೈಪಿಡಿ ಬರೆದವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕೈಪಿಡಿ ಕರ್ತೃಗಳೇ,

ತಾವು ಕ್ಷೇಮವಾಗಿದ್ದೀರೆಂದೂ, ತಮ್ಮ ಮನೆಯ ಊಟದ ಮೇಜು ನಾಲ್ಕು ಕಾಲುಗಳ ಮೇಲೂ ನೆಟ್ಟಗೆ ನಿಂತಿದೆಯೆಂದೂ ನಂಬಿ, ತಮ್ಮ ಸೇವೆಯಲ್ಲಿ ಈ ಕೆಳಗಿನ ಸಂಗತಿಗಳನ್ನು ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ನಾನು ಅಂಚೆ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಪತ್ರ ವಿಂಗಡಿಸುವವನು. ಬರೆದಿದ್ದನ್ನು ಬರೆದಂತೆಯೇ ಓದುವುದು, ಒಂದಾದ ಮೇಲೆ ಎರಡನ್ನು ಮಾಡುವುದು ನನ್ನ ವೃತ್ತಿಧರ್ಮ. ಆದ್ದರಿಂದಲೇ, ಕತ್ತರಿಸಿ ಸಿದ್ಧಪಡಿಸಿದ ಎಂಬತ್ತೇಳು ಉಕ್ಕಿನ ಕೊಳವೆಗಳ ಕಟ್ಟು ನಮ್ಮ ಮನೆಗೆ ಬಂದಿಳಿದಾಗ, ಎರಡು ಸೀಟಿನ ಪುಟ್ಟ ಕಾರೊಂದರ ಚಾಸಿಯನ್ನು, ಅಂದರೆ ತಳದ ಚೌಕಟ್ಟನ್ನು, ನಾನೇ ಬೆಸೆದು ನಿಲ್ಲಿಸಬಲ್ಲೆನೆಂಬ ಧೈರ್ಯ ಬಂದದ್ದು ವೆಲ್ಡಿಂಗ್ ಬರುತ್ತಿತ್ತೆಂದಲ್ಲ, ತಮ್ಮ ನೂರಿಪ್ಪತ್ತು ಪುಟಗಳ ಕೈಪಿಡಿ ಜೊತೆಗಿತ್ತೆಂದು. 'ಪುಟಗಳ ಕ್ರಮವನ್ನು ಮೀರಬೇಡಿ' ಎಂದು ತಾವು ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಅಪ್ಪಣೆ ಕೊಡಿಸಿದ್ದಿರಿ. ಮೀರಲಿಲ್ಲ ಎಂಬುದೇ ಈ ಪತ್ರದ ದುಃಖ.

ಮೂರನೆಯ ಪುಟದಲ್ಲಿ ತಾವು, ಕೊಳವೆಗಳ ಮೇಲಿನ ಎಣ್ಣೆಯನ್ನು ಥಿನ್ನರ್ ಹಾಕಿ ಉಜ್ಜಿ, ಮುಖ ಕಾಣುವಂತೆ ಒರೆಸಬೇಕೆಂದಿರಿ. ಎರಡು ದಿನ ಕೂತು ಒರೆಸಿದೆ. ಎಂಬತ್ತೇಳರಲ್ಲೂ ನನ್ನ ಮುಖ ಕಂಡಿತು. ಹಾಳೆ ತಿರುವಿದರೆ ನಾಲ್ಕನೆಯ ಪುಟದಲ್ಲಿ, ಪ್ರತಿ ಕೊಳವೆಯ ಮೇಲೂ ಮಾರ್ಕರಿನಿಂದ ಬರೆದಿರುವ ಸಂಖ್ಯೆಯನ್ನು ನೋಡಿ ಜೋಡಿಸಿಕೊಳ್ಳಿ ಎಂದಿದ್ದೀರಿ. ವಿಳಾಸವಿಲ್ಲದ ಎಂಬತ್ತೇಳು ಪತ್ರಗಳು ಒಮ್ಮೆಗೇ ನನ್ನ ಕೈಗೆ ಎಂದೂ ಬಂದಿರಲಿಲ್ಲ. ಹೊಲಿಗೆ ಕೆಲಸ ಮಾಡುವ ನನ್ನ ಹೆಂಡತಿ ಟೇಪು ಹಿಡಿದು ಬಂದು, "ಬಟ್ಟೆ ಕತ್ತರಿಸಿದ ಮೇಲೆ ಗುರುತು ಅಳಿಸೋರನ್ನ ಇವತ್ತೇ ನೋಡಿದ್ದು ಕಣ್ರೀ," ಎಂದು ಹರಸಿ, ಒಂದೊಂದನ್ನೂ ಅಳೆದು ಚಾಕ್‌ಪೀಸಿನಲ್ಲಿ ಮತ್ತೆ ಸಂಖ್ಯೆ ಬರೆದಳು. ಹೀಗೆ ಗಂಡ-ಹೆಂಡತಿ ಒಂದು ವಾರ ಜೊತೆಯಾಗಿ ಕೂರುವಂತೆ ಮಾಡಿದ ತಮ್ಮ ದೂರದೃಷ್ಟಿಗೆ ಕೈ ಮುಗಿಯುತ್ತೇನೆ.

ಐದನೆಯ ಪುಟದಲ್ಲಿ ಬಂದದ್ದು ಮೇಜು. ಸಮತಟ್ಟಾದ, ಅಲುಗಾಡದ, ಉದ್ದನೆಯ ಮೇಜೊಂದು ಬೇಕು, ಅದನ್ನು ರಸಮಟ್ಟವಿಟ್ಟು ಒಮ್ಮೆ ಪರೀಕ್ಷಿಸಿ ಎಂದಿರಿ. ಅಂಥದ್ದು ನಮ್ಮ ಮನೆಯಲ್ಲಿ ಇದ್ದದ್ದು ಒಂದೇ, ಅದೂ ನಮ್ಮದಲ್ಲ. ಹತ್ತು ಜನ ಕೂರುವ ಆ ಊಟದ ಮೇಜು ನನ್ನ ಅಕ್ಕನದು. ಶಾಲೆಯಲ್ಲಿ ಗಣಿತ ಹೇಳುವ ಆಕೆ ಸಣ್ಣ ಬಾಡಿಗೆ ಮನೆಗೆ ಹೋಗುವಾಗ, "ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋ, ದೊಡ್ಡ ಮನೆ ಸಿಕ್ಕಿದ ದಿನ ಬಂದು ತಗೊಂಡು ಹೋಗ್ತೀನಿ," ಎಂದು ನನ್ನ ವಶಕ್ಕೆ ಒಪ್ಪಿಸಿದ್ದಳು. ಮೇಜನ್ನು ಮುಂಬಾಗಿಲ ಪಕ್ಕದ ಶೆಡ್ಡಿಗೆ ಸಾಗಿಸಿ, ಮೇಲೆ ತಗಡು ಹಾಸಿ, ರಸಮಟ್ಟ ಇಟ್ಟೆ. ಗುಳ್ಳೆ ನಟ್ಟನಡುವೆ ನಿಂತಿತು. ಅದೇ ಸಂಜೆ ಅಕ್ಕ ಫೋನ್ ಮಾಡಿ, ದೊಡ್ಡ ಮನೆ ಸಿಕ್ಕಿದೆಯೆಂದೂ, ಎರಡು ತಿಂಗಳು ಕಳೆದು ಬರುವ ಮೊದಲ ಭಾನುವಾರ ಲಾರಿ ತರುವೆನೆಂದೂ ತಿಳಿಸಿದಳು. ಅಷ್ಟರೊಳಗೆ ಚಾಸಿ ಮುಗಿದು ಕೆಳಗಿಳಿಯಬೇಕಿತ್ತು, ಮೇಜಿಗೆ ಏನೂ ಆಗಿರಬಾರದಿತ್ತು.

ಇನ್ನು ತಮ್ಮ ಆರನೆಯ ಪುಟ. ಬೆಸೆಯುವಾಗ ಕಿಡಿ ಸಿಡಿಯುವುದರಿಂದ, ಮೇಜಿನ ಮೇಲೆ, ಕೆಳಗೆ, ಸುತ್ತಮುತ್ತ ಕಾಗದ, ರಟ್ಟು, ಬಟ್ಟೆ ಎಂಬುದು ಒಂದು ಚೂರೂ ಇರಬಾರದೆಂದು ಅಲ್ಲಿ ಎಚ್ಚರಿಸಿದ್ದೀರಿ. ಹಳೆಯ ಪತ್ರಿಕೆಗಳನ್ನು ತೆಗೆದೆ, ಒರೆಸುವ ಬಟ್ಟೆ ತೆಗೆದೆ, ಮೇಜಿನ ಮುಂದಿನ ಬಲಗಾಲಿನ ಕೆಳಗೆ ಯಾರೋ ತುರುಕಿದ್ದ ಮಡಚಿದ ರಟ್ಟಿನ ಚೂರನ್ನೂ ಎಳೆದು ತೆಗೆದು, ಪುಟದ ಅಂಚಿನಲ್ಲಿ ಕೆಂಪು ಶಾಯಿಯಿಂದ 'ಮುಗಿದಿದೆ' ಎಂದು ಗುರುತು ಹಾಕಿದೆ. ಐದನೆಯ ಪುಟಕ್ಕೆ ಮರಳಿ ಹೋಗಿ ಮತ್ತೆ ಪರೀಕ್ಷಿಸಿ ಎಂದು ತಾವೂ ಹೇಳಲಿಲ್ಲ, ನಾನೂ ಮಾಡಲಿಲ್ಲ.

ಏಳು ವಾರ ಬೆಸೆದೆ. ಮೊದಲು ಅಲ್ಲಲ್ಲಿ ಚುಕ್ಕೆ ಇಟ್ಟಂತೆ, ಆಮೇಲೆ ಪೂರ್ತಿಯಾಗಿ. ಆ ಏಳು ವಾರವೂ ಮನೆಮಂದಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡೆವು. ಅಕ್ಕ ಬರಲು ಒಂಬತ್ತು ದಿನ ಉಳಿದಿರುವಾಗ ನಾಲ್ಕು ಜನ ಸೇರಿ ಚಾಸಿಯನ್ನು ನೆಲಕ್ಕಿಳಿಸಿದೆವು. ಅದು ಟಕ್ ಎಂದಿತು. ಎದುರು ಮೂಲೆ ಒತ್ತಿದರೆ ಮತ್ತೆ ಟಕ್ ಎಂದಿತು. ಮೂರು ಮೂಲೆ ನೆಲದ ಮೇಲೆ, ಒಂದು ಮೂಲೆ ಗಾಳಿಯಲ್ಲಿ. ಎತ್ತಿ ಮತ್ತೆ ಮೇಜಿನ ಮೇಲಿಟ್ಟರೆ ಮಾತ್ರ, ಹೊಟ್ಟೆ ತುಂಬಿದ ಬೆಕ್ಕಿನಂತೆ ಅಲುಗಾಡದೆ ಮಲಗುತ್ತಿತ್ತು.

ತಮ್ಮ ಸಹಾಯವಾಣಿಗೆ ಕರೆ ಮಾಡಿದೆ. ನಮ್ಮ ಕೊಳವೆಗಳಲ್ಲಿ ದೋಷವಿರುವುದು ಸಾಧ್ಯವೇ ಇಲ್ಲ, ನಿಮ್ಮ ನೆಲವನ್ನು ಪರೀಕ್ಷಿಸಿ ಎಂಬ ಉತ್ತರ ಬಂತು. ಪರೀಕ್ಷಿಸಿದೆ. ಚಾಸಿಯನ್ನು ಹೊತ್ತು ಹಾಲಿನ ನೆಲ, ವರಾಂಡದ ನೆಲ, ಕೊನೆಗೆ ಎದುರು ಮನೆಯವರು ಕಾರು ನಿಲ್ಲಿಸುವ ನೆಲದವರೆಗೂ ಹೋದೆವು. ಎಲ್ಲ ನೆಲಗಳೂ ತಪ್ಪಿತಸ್ಥರೇ ಎಂದು ತಿಳಿಯಿತು. "ಮೂವತ್ತು ವರ್ಷದಿಂದ ನಮ್ಮ ನೆಲಕ್ಕೆ ಯಾರೂ ಹೆಸರಿಟ್ಟಿರಲಿಲ್ಲ," ಎಂದು ಎದುರು ಮನೆಯ ಯಜಮಾನರು ಇಂದಿಗೂ ಮುಖ ತಿರುಗಿಸುತ್ತಾರೆ. ಬೀದಿ ಕೊನೆಯಲ್ಲಿ ಗೇಟು, ಗ್ರಿಲ್ಲು ಮಾಡುವ ಮೇಸ್ತ್ರಿ ಬಂದು ನೋಡಿ, "ಸಾರ್, ಇದಕ್ಕೆ ನಿಂತ್ಕೊಳ್ಳೋಕೇ ಬರಲ್ಲ, ಓಡೋದು ಆಮೇಲಿನ ಮಾತು," ಎಂದರು.

ಆ ದಿನಗಳಲ್ಲಿ ತಮಗೆ ಕೆಲವು ಸಣ್ಣ ಕೋರಿಕೆಗಳನ್ನು ಸಲ್ಲಿಸಬೇಕೆಂದಿದ್ದೆ: ನಮ್ಮ ಚಾಸಿಯ ಓರೆಗೆ ತಕ್ಕಂತೆ ಮುಂದಿನ ಬಲಭಾಗದಲ್ಲಿ ಆರು ಮಿಲಿಮೀಟರ್ ತಗ್ಗಿರುವ ರಸ್ತೆಯೊಂದನ್ನು, ತಿರುವುಗಳ ಸಮೇತ, ಕಳುಹಿಸಿಕೊಡಬೇಕೆಂದು, ಅದಾಗದಿದ್ದರೆ ತಾವೇ ದಯಮಾಡಿಸಿ ಗಾಳಿಯಲ್ಲಿರುವ ಮೂಲೆಯ ಮೇಲೆ ಕಾಯಂ ಆಗಿ ಕುಳಿತುಕೊಳ್ಳಬೇಕೆಂದು.

ಅಷ್ಟರಲ್ಲಿ ಭಾನುವಾರ ಬಂತು, ಲಾರಿಯೂ ಬಂತು, ಅಕ್ಕನೂ ಬಂದಳು. ಪರೀಕ್ಷಾ ಕೊಠಡಿಯಲ್ಲಿ ನಡೆಯುವಂತೆ ಮೇಜಿನ ಸುತ್ತ ಒಂದು ಸುತ್ತು ಬಂದು, ತಗಡಿನ ಅಂಚಿನಲ್ಲಿ ಸುಟ್ಟ ಕಲೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ಬಗ್ಗಿದಳು. "ಲೋ, ಈ ಕಾಲಿನ ಕೆಳಗೆ ನಾನು ಮಡಚಿಟ್ಟಿದ್ದ ರಟ್ಟು ಎಲ್ಲೋ?"

ನಾನು ಹೆಮ್ಮೆಯಿಂದಲೇ ಆರನೆಯ ಪುಟ ತೆರೆದು ಕೆಂಪು ಗುರುತು ತೋರಿಸಿದೆ. ಅಕ್ಕ ಐದನೆಯ ಪುಟ ಓದಿದಳು, ಆರನೆಯದು ಓದಿದಳು. ರಟ್ಟು ತೆಗೆದ ಮೇಲೆ ಉಕ್ಕಿನ ಭಾರಕ್ಕೆ ಮೇಜಿನ ಆ ಮೂಲೆ ಇಳಿದಿದ್ದು, ಆ ಓರೆಯನ್ನೇ ನಾನು ನಿಷ್ಠೆಯಿಂದ ಬೆಸೆದಿದ್ದು ಆಗ ಎಲ್ಲರಿಗೂ ಅರ್ಥವಾಯಿತು. "ಉತ್ತರ ಸರಿ ಇದೆ ಕಣೋ, ಪ್ರಶ್ನೆ ಪತ್ರಿಕೆಯೇ ತಪ್ಪು," ಎಂದಳು. ಇಪ್ಪತ್ತೆರಡು ವರ್ಷದ ನನ್ನ ಸೇವೆಯಲ್ಲಿ ಇಂಥ ಪ್ರಶಂಸಾಪತ್ರ ಸಿಕ್ಕಿರಲಿಲ್ಲ. ಆದರೆ ಲಾರಿಯವನನ್ನು ವಾಪಸು ಕಳಿಸಿ, "ಇದು ಸ್ವಂತ ಕಾಲ ಮೇಲೆ ನಿಲ್ಲೋ ತನಕ ಮೇಜೂ ಕದಲಲ್ಲ, ನಾನೂ ಕದಲಲ್ಲ," ಎಂದು ನಮ್ಮಲ್ಲೇ ಉಳಿದು, ಆಕೆಯೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಳು.

ಮೇಸ್ತ್ರಿ ಎರಡು ಅಡ್ಡ ಕೊಳವೆಗಳನ್ನು ಕತ್ತರಿಸಿ, ಮೇಜನ್ನು ಸಮ ಮಾಡಿಕೊಂಡು, ಚಾಸಿಯನ್ನು ಅದಕ್ಕೆ ಬಿಗಿದು ಮತ್ತೆ ಬೆಸೆಯಲು ಒಪ್ಪಿದರು. ಮೇಜಿನ ಕಾಲಿಗೆ ಮರದ ಚೂರು ದಪ್ಪವಾಯಿತು, ತಗಡು ತೆಳುವಾಯಿತು. ಅಕ್ಕ ನನ್ನ ಕೈಯಲ್ಲಿದ್ದ ತಮ್ಮ ಕೈಪಿಡಿಯನ್ನು ಕಿತ್ತುಕೊಂಡು ಕಾಲಿನ ಕೆಳಗೆ ತಳ್ಳಿದಳು. ಮಡಚುವುದೂ ಬೇಕಾಗಲಿಲ್ಲ, ರಕ್ಷಾಪುಟ ಸೇರಿ ಸರಿಯಾಗಿ ಆರು ಮಿಲಿಮೀಟರ್. ಗುಳ್ಳೆ ನಟ್ಟನಡುವೆ ಬಂದು ನಿಂತಿತು.

ಬುಧವಾರ ಚಾಸಿಯನ್ನು ನೆಲಕ್ಕಿಳಿಸಿದೆವು. ನಾಲ್ಕೂ ಮೂಲೆಗಳನ್ನು ಒಂದೊಂದಾಗಿ ಒತ್ತಿದೆ. ಸದ್ದಿಲ್ಲ. ಹೆಂಡತಿ ಒತ್ತಿದಳು, ಮೇಸ್ತ್ರಿ ಒತ್ತಿದರು, ಎದುರು ಮನೆಯ ಯಜಮಾನರು ಕೂಡ ಕಾಂಪೌಂಡ್ ದಾಟಿ ಬಂದು, ಮುಖ ತಿರುಗಿಸಿಕೊಂಡೇ ಒತ್ತಿದರು. ಸದ್ದಿಲ್ಲ. ಅಕ್ಕ ಲಾರಿಯನ್ನು ಮತ್ತೆ ಕರೆಸಿ, ಮೇಜಿನ ಜೊತೆ ಕೈಪಿಡಿಯನ್ನೂ ಅದಕ್ಕೆ ಹಾಕಿಸಿ, ಹತ್ತುವ ಮುನ್ನ, "ಕಾರು ಓಡಿದ ದಿನ ಮೊದಲು ನನ್ನನ್ನ ಕೂರಿಸ್ಕೊಂಡು ಹೋಗು. ಪುಸ್ತಕ ಮಾತ್ರ ಕೇಳ್ಬೇಡ," ಎಂದಳು.

ತಮ್ಮ ಆಜ್ಞೆಯನ್ನು ಕ್ರಮವಾಗಿ ಪಾಲಿಸಿ ಕೆಟ್ಟ,
ಆರು ಮಿಲಿಮೀಟರ್ ಓರೆಯಾದ ತಮ್ಮ ವಿಶ್ವಾಸಿ,
ವಿಂಗಡಣೆ ಗುಮಾಸ್ತ

ತಾ.ಕ.: ಬ್ರೇಕು ಜೋಡಿಸುವ ವಿಧಾನ ಅರವತ್ತೊಂದನೆಯ ಪುಟದಲ್ಲಿತ್ತೆಂದು ನೆನಪು. ಆದರೂ ದಯವಿಟ್ಟು ಇನ್ನೊಂದು ಪ್ರತಿ ಕಳುಹಿಸುವ ತೊಂದರೆ ತೆಗೆದುಕೊಳ್ಳಬೇಡಿ. ನಮ್ಮಲ್ಲಿ ಇನ್ನೊಂದು ಮೇಜಿಲ್ಲ.